ಬೋರಲು ಹಾಕಿದ ಪೆಟ್ಟಿಗೆ

ಟೇಪಿನ ಮೇಲೆ ಅವನಿಟ್ಟ ಚಾಕು ಅಲ್ಲೇ ನಿಂತಿತು. ಟೇಪಿನ ಉದ್ದಕ್ಕೂ ಹೆಂಡತಿಯ ಕೈಬರಹವಿತ್ತು: 'ಅಡುಗೆಮನೆ. ಗಾಜು, ಹುಷಾರು.' ಮನೆ ಬದಲಿಸುವುದಕ್ಕೆ ಹದಿನೈದು ದಿನ ಇರುವಾಗ ಅವಳು ತೀರಿಕೊಂಡಿದ್ದಳು. ಹೊಸ ಮನೆಗೆ ಬಂದು ಮೂರು ತಿಂಗಳಾದರೂ ಈ ರಟ್ಟಿನ ಪೆಟ್ಟಿಗೆ ಮಾತ್ರ ಮೂಲೆ ಬಿಟ್ಟು ಕದಲಿರಲಿಲ್ಲ. ಟೇಪು ಕೊಯ್ದರೆ ಅಕ್ಷರಗಳೂ ಹೋಳಾಗುತ್ತಿದ್ದವು.

"ಬಿಡಪ್ಪ, ನಿನ್ ಕೈಲಾಗಲ್ಲ," ಎಂದಳು ಮಗಳು. "ಪೇಪರ್ ಲೋಟದಲ್ಲೇ ಕುಡ್ಕೊಂಡಿರೋಣ, ರೈಲಿಗೆ ಕಾಯೋರ ಹಾಗೆ." ನಗಿಸಲೆಂದು ಆಡಿದ ಮಾತು, ಮುಗಿಯುವಷ್ಟರಲ್ಲಿ ಅವಳ ದನಿಯೇ ಒಡೆಯಿತು.

ಅವನದು ಔಷಧದ ಅಂಗಡಿ. ಸೀಸೆಯಿಂದ ಔಷಧ ಬಗ್ಗಿಸುವಾಗ, ಹನಿ ಇಳಿದು ಹೆಸರು ಅಳಿಸಬಾರದೆಂದು ಚೀಟಿ ಅಂಟಿಸಿದ ಬದಿಯನ್ನು ಮೇಲೆ ಮಾಡಿ ಹಿಡಿಯುವುದು ಇಪ್ಪತ್ತು ವರ್ಷಗಳ ರೂಢಿ. ಚಾಕು ಪಕ್ಕಕ್ಕಿಟ್ಟು, "ಆ ಕಡೆ ಹಿಡ್ಕೋ ಪುಟ್ಟಿ," ಎಂದ. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮೆಲ್ಲಗೆ ಬೋರಲು ಹಾಕಿದರು. ತಳದ ಟೇಪಿನ ಮೇಲೆ ಏನೂ ಬರೆದಿರಲಿಲ್ಲ. ಅವನು ಅದನ್ನು ಕೊಯ್ದ.

ಹೆಂಡತಿ ಎಲ್ಲಕ್ಕಿಂತ ಮೊದಲು ಸುತ್ತಿಟ್ಟದ್ದೇ ಈಗ ಮೊದಲು ಕೈಗೆ ಬಂತು. ಹಳೆಯ ಮನೆಯಲ್ಲಿ ಮೇಲಿನ ಕಪಾಟಿನಿಂದ ಅಪರೂಪಕ್ಕೊಮ್ಮೆ ಇಳಿಯುತ್ತಿದ್ದ ಆರು ಗಾಜಿನ ಲೋಟಗಳು.

"ಇವು ನೆಂಟರಿಗೆ ಅಂತ ಅಮ್ಮ ಮುಟ್ಟೋಕೇ ಬಿಡ್ತಿರ್ಲಿಲ್ಲ."

"ನೆಂಟರು ಬಂದಾಗ ನೋಡ್ಕೊಳ್ಳೋಣ."

"ಒಡೆದುಹೋದ್ರೆ?"

"ನಮ್ಮನೇಲಿ ತಾನೇ ಒಡೆಯೋದು?" ಎಂದ ಅವನು. ಆರನ್ನೂ ತೊಳೆದು ಒರೆಸಿ, ನಲ್ಲಿಯ ಪಕ್ಕದ ಕೆಳಹಲಗೆಯ ಮೇಲೆ, ದಿನವೂ ಕೈ ಹೋಗುವ ಜಾಗದಲ್ಲಿ, ಸಾಲಾಗಿ ಇಟ್ಟ.