ಬೇಗ ಹೋದ್ರೆ ಡಬಲ್

ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದಾಗ ಕಾದ ರೆಕ್ಸಿನ್ ವಾಸನೆ ಬಂದರೆ ಸಾಕು, ಈಗಲೂ ನಾನು ವಾಚು ನೋಡಿಕೊಳ್ಳುತ್ತೇನೆ.

ಆ ಭಾನುವಾರ ಮಾಗಡಿ ರಸ್ತೆಯಲ್ಲಿ ಕಾರ್ ರ‍್ಯಾಲಿ ಇತ್ತು. ಜೋರಾಗಿ ಓಡಿಸುವ ಪಂದ್ಯವಲ್ಲ. ಅವರು ಹೇಳಿದ ವೇಗದಲ್ಲೇ ಹೋಗಿ, ಹೇಳಿದ ಹೊತ್ತಿಗೆ ಸರಿಯಾಗಿ ಚೆಕ್‌ಪಾಯಿಂಟ್ ಮುಟ್ಟಬೇಕು. ಅಪ್ಪ ಓಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಟೈಮ್ ಹೇಳುವ ನ್ಯಾವಿಗೇಟರ್ ನಾನು. ಅದಕ್ಕೆಂದೇ ನನ್ನ ಕೈಗೆ ಕಟ್ಟಿದ್ದ ಅವರ ದೊಡ್ಡ ವಾಚು ಕೈ ಎತ್ತಿದರೆ ಮೊಣಕೈವರೆಗೂ ಜಾರುತ್ತಿತ್ತು. ಬ್ಯಾಡರಹಳ್ಳಿ ದಾಟಿದ ಮೇಲೆ, "ಇನ್ನೂ ಜೋರಾಗಿ ಹೋಗಪ್ಪ" ಅಂದೆ.

"ಲೇಟಾದ್ರೆ ಒಂದು ಪಾಯಿಂಟ್ ಹೋಗತ್ತೆ. ಬೇಗ ಹೋದ್ರೆ ಡಬಲ್ ಕಣಮ್ಮ" ಎಂದು ನಕ್ಕರು.

ಬಹುಮಾನ ಬೇರೆ ಯಾರಿಗೋ ಬಂತು. ಆಮೇಲೆ ಅಪ್ಪ ನನ್ನನ್ನು ಅಮ್ಮನ ಮನೆಗೆ ಬಿಡಲು ಕೆಂಗೇರಿ ಉಪನಗರಕ್ಕೆ ಕರೆತಂದರು. ಭಾನುವಾರ ಮಾತ್ರ ನಾನು ಅಪ್ಪನ ಜೊತೆ. ಸಂಜೆ ಆರಕ್ಕೆ ಸರಿಯಾಗಿ ವಾಪಸು. ಮನೆ ಕಾಣುವ ಮೊದಲೇ, ತಿರುವಿನ ಹೊಂಗೆ ಮರದಡಿ ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಿದರು.

"ಯಾಕಪ್ಪ?"

"ಬೇಗ ಬಂದ್ಬಿಟ್ವಿ."

ಬೆವೆತ ತೊಡೆಗೆ ರೆಕ್ಸಿನ್ ಅಂಟಿಕೊಂಡಿತ್ತು. ಅಪ್ಪ ಸ್ಟೀರಿಂಗಿನ ಧೂಳನ್ನು ಬೆರಳಲ್ಲಿ ಒರೆಸುತ್ತಲೇ ಇದ್ದರು.

"ಟೈಮ್ ಎಷ್ಟಾಯ್ತು, ನ್ಯಾವಿಗೇಟರ್?"

ಆರು ಆಗಿಹೋಗಿತ್ತು. "ಇನ್ನೂ ಇದೆ ಅಪ್ಪ" ಅಂದೆ.

ಅವರೆದುರಿಗೇ ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರ ಹೊಳೆಯುತ್ತಿತ್ತು. ಅಪ್ಪ ಅದನ್ನು ನೋಡಿದರು.

"ಸರಿ, ಕಾಯೋಣ" ಅಂದರು.