ಅಚ್ಚಾದ ದೋಣಿ

ಎಲ್ಲಾದರೂ ನೀರಿನ ಟ್ಯಾಂಕಿಗೆ ಫೈಬರ್ ತೇಪೆ ಹಾಕುವ ವಾಸನೆ ಬಂದರೆ ಈಗಲೂ ಕೊಣನೂರಿನ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ಕಟ್ಟಿದ್ದ ಮರದ ದೋಣಿ ಹಳತಾಗಿ ಸೋರುತ್ತಿತ್ತು. ಅದೇ ಆಕಾರದಲ್ಲಿ ಫೈಬರ್ ದೋಣಿ ಮಾಡಲೆಂದು ಅಪ್ಪ ಅದನ್ನೇ ಅಚ್ಚಾಗಿ ಬೋರಲು ಹಾಕಿ, ಮೇಲೆ ಫೈಬರ್ ಬಟ್ಟೆ ಹಾಸಿ, ಜೇನಿನಂಥ ಅಂಟು ಬಳಿದಿದ್ದರು. ಒಣಗಿದ ಮೇಲೆ ಅಂಗಾತ ಮಗುಚಿ ಎಷ್ಟು ಎಳೆದರೂ ಮರವೂ ಫೈಬರೂ ಒಂದನ್ನೊಂದು ಬಿಡಲಿಲ್ಲ.

ಕೊಡಲಿ ಹಿಡಿದ ಅಪ್ಪ ತಲೆ ತಗ್ಗಿಸಿ ತಾತನಿಗೆ ಹೇಳಿದರು: "ಅಳೇದು ಒಡೀದೆ ಒಸದು ಬರಾಕಿಲ್ಲ ಕಣಪ್ಪ."

ತಾತ ಬಗ್ಗಿ ಒಳಗಿನ ಹಲಗೆಗಳನ್ನು ಸವರಿದರು. ಆಮೇಲೆ ಕೊಡಲಿ ಇಸಿದುಕೊಂಡರು.

"ನೀ ಸರ್ಕೊಳ್ಳಲಾ. ಕಟ್ದೋನು ನಾನು, ನಾನೇ ಬಿಚ್ತೀನಿ."

ಒಂದೊಂದೇ ಹಲಗೆ ಕಿತ್ತು ಬದಿಗೆ ಜೋಡಿಸಿಟ್ಟರು. ಹೊಸ ದೋಣಿ ಒಂದು ಗೀರೂ ಇಲ್ಲದೆ ಬಿಡಿಸಿಕೊಂಡು ಬಂತು. ಅದನ್ನು ಹೊಳೆಗಿಳಿಸಲು ಅಪ್ಪನಿಗೆ ಬಹಳ ದಿನ ಮನಸ್ಸು ಬರಲಿಲ್ಲ.