ನಾಲ್ಕು ಭಾನುವಾರ ತಡವಾದ ಜಾಲರಿ

ಸಾಕಿದ ಪ್ರಾಣಿಗಳಿಗೆಲ್ಲ ಮಾತು ಬಂದಿದ್ದ ಒಂದು ಕಾಲದಲ್ಲಿ, ದಾವಣಗೆರೆಯ ಒಂದು ಮನೆಯಲ್ಲಿ ವಾರುಣಿ ಎಂಬ ಹುಡುಗಿ ಎರಡು ಜರ್ಬಿಲ್ ಇಲಿಗಳನ್ನು ಸಾಕಿದ್ದಳು. ದೊಡ್ಡದು ಮೆಂತ್ಯ, ಚಿಕ್ಕದು ಸಾಸಿವೆ. ಅಕ್ಕತಂಗಿಯರಿಬ್ಬರಿಗೂ ಒಂದೇ ಗಾಜಿನ ಪೆಟ್ಟಿಗೆ.

“ಅಕ್ಕಾ, ಈ ಮೆಂತ್ಯ ದಿನಾ ನನ್ನನ್ನ ಗೂಡಿಂದ ಓಡಿಸ್ತಾಳೆ. ನಡುವೆ ಜಾಲರಿ ಹಾಕ್ಕೊಡು,” ಎಂದು ಸಾಸಿವೆ ತಿಂಗಳ ಹಿಂದೆಯೇ ವಾರುಣಿಯನ್ನು ಕೇಳಿತ್ತು.

“ಭಾನುವಾರ ಹಾಕ್ತೀನಿ. ಅಲ್ಲೀವರೆಗೂ ಅಡ್ಜಸ್ಟ್ ಮಾಡ್ಕೊಳ್ಳೇ, ನಿಮ್ಮಕ್ಕ ತಾನೆ,” ಎಂದಿದ್ದಳು ವಾರುಣಿ. ಮೆಂತ್ಯ ಅವಳ ಅಂಗೈಯಲ್ಲಿ ಕೂತು ಮುದ್ದುಮುದ್ದಾಗಿ ಹರಟುತ್ತಿತ್ತು. ಜಾಲರಿ ಹಾಕಿ ಅದನ್ನು ನೋಯಿಸಲು ಅವಳಿಗೆ ಮನಸ್ಸಿರಲಿಲ್ಲ. ನಾಲ್ಕು ಭಾನುವಾರಗಳು ಹೋದವು.

ಒಂದು ಬೆಳಿಗ್ಗೆ ನೋಡಿದರೆ ಸಾಸಿವೆಯ ಬಾಲದ ತುದಿಯೇ ಇರಲಿಲ್ಲ.

“ಕೂಗಬಾರದಿತ್ತಾ?” ಎಂದಳು ವಾರುಣಿ.

“ಕೂಗಿದ್ರೆ ನೀನು ಅಡ್ಜಸ್ಟ್ ಮಾಡ್ಕೋ ಅಂತಿದ್ದೆ. ಅದಕ್ಕೇ ನಾನು ಸುಮ್ಮನಿದ್ದೆ.”

ವಾರುಣಿ ಗಾಯಕ್ಕೆ ಅರಿಶಿನ ಹಚ್ಚಿದಳು. “ಜಗಳ ತೆಗೆದಿದ್ದು ಅವಳೇ,” ಎನ್ನುತ್ತ ಮೆಂತ್ಯ ಅವಳ ತೋಳು ಹತ್ತಿತು. ವಾರುಣಿ ಅದನ್ನು ಕೆಳಗಿಳಿಸಿದಳು.

ಜಾಲರಿ ಇಷ್ಟು ದಿನವೂ ಅಟ್ಟದ ಮೇಲೇ ಇತ್ತು. ಕತ್ತರಿಸಿ ಕೂರಿಸಲು ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷವೂ ಅವಳು ಸಾಸಿವೆಯ ಮುಖ ನೋಡಲಿಲ್ಲ. ಸಾಸಿವೆ ಜಾಲರಿಯ ಅಂಚುಗಳನ್ನೆಲ್ಲ ಮೂಸಿ, ಎಲ್ಲೂ ಸಂದಿಯಿಲ್ಲವೆಂದು ಖಾತ್ರಿಯಾದ ಮೇಲೆ, ತನ್ನ ಬದಿಯ ಗೂಡಿನೊಳಗೆ ಹೋಗಿ ಮಲಗಿತು.